ರೋಲಿಂಗ್ ಸ್ಟೋನ್ಸ್ ಆಲ್ಬಮ್ಮು, ನಮ್ಮ ಹಲಗಿ



ರೋಲಿಂಗ್ ಸ್ಟೋನ್ಸ್ ಬಗ್ಗೆ ಬರೀತಿದೀನಿ ಅಂದ್ರೆ ಕೆಲವರು ನಗಬಹುದು. ಸಂಡೂರಿನ ಗಣಿ ಧೂಳು ಬಿಟ್ಟು ಇವನಿಗೆ ಇಂಗ್ಲೆಂಡಿನ ಮುದುಕರ ಹಾಡು ಯಾಕೆ ಬೇಕಾಯ್ತು ಅಂತ. ಸ್ವಲ್ಪ ತಾಳ್ಮೆಯಿಂದ ಓದಿ. ಅಂದಹಾಗೆ ಇದು ನಮ್ಮ ಕಡೆಗೆ ಹೊಸದೇನಲ್ಲ. ವಿರೂಪಾಪುರ ಗಡ್ಡೆಯ ಗೆಸ್ಟ್‌ಹೌಸುಗಳು 2020ರಲ್ಲಿ ನೆಲಸಮ ಆಗೋವರೆಗೂ ಹೊಳೆ ಆ ಕಡೆಯಿಂದ ಇಂಥ ಹಾಡು ಕೇಳ್ತಾನೇ ಇದ್ವು.

2023ರ ಅಕ್ಟೋಬರ್ 20ಕ್ಕೆ ಅವರ 'ಹ್ಯಾಕ್ನಿ ಡೈಮಂಡ್ಸ್' ಬಂತು. ತಮ್ಮದೇ ಹೊಸ ಹಾಡುಗಳ ಆಲ್ಬಮ್ ಕೊಟ್ಟು 18 ವರ್ಷ ಆಗಿತ್ತು. ಮಿಕ್ ಜಾಗರ್‌ಗೆ ಆಗ 80, ಕೀತ್ ರಿಚರ್ಡ್ಸ್‌ಗೆ 79. ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲೇ ತೀರಿಹೋಗಿದ್ದರು, ಅವರು ಮೊದಲೇ ನುಡಿಸಿಟ್ಟದ್ದು ಎರಡು ಹಾಡಲ್ಲಿದೆ. ಹಳೇ ಖದರು ವಾಪಸ್ ಬಂತು ಅಂತ ಪತ್ರಿಕೆಗಳು ಬರೆದವು. ಕೇಳಿದರೆ ನನಗೂ ನಿಜ ಅನ್ನಿಸ್ತು. ಮೊದಲ ಕೆಲವು ಹಾಡು ರೇಡಿಯೋಗೆ ಅಂತ ಪಾಲಿಶ್ ಮಾಡಿದಂಗಿವೆ, ಬಿಡಿ. ಆದರೆ ಲೇಡಿ ಗಾಗಾ ಜೊತೆಗಿನ 'ಸ್ವೀಟ್ ಸೌಂಡ್ಸ್ ಆಫ್ ಹೆವನ್' ಕೇಳಿ. ಏಳು ನಿಮಿಷಕ್ಕೂ ಮೀರಿದ ಹಾಡು, ಸ್ಟೀವಿ ವಂಡರ್ ಕೀಬೋರ್ಡ್ ನುಡಿಸಿದ್ದಾರೆ. ಪೂರ್ತಿ ಕಪ್ಪುಜನರ ಚರ್ಚಿನ ಧಾಟಿ. ಮುಗೀತು ಅಂದ್ಕೊಂಡಾಗ ಮತ್ತೆ ಎದ್ದು ಬರುತ್ತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಡೇ ಹಾಡು, 'ರೋಲಿಂಗ್ ಸ್ಟೋನ್ ಬ್ಲೂಸ್'. ಬ್ಯಾಂಡ್ ಇಲ್ಲ, ಡ್ರಮ್ಮಿಲ್ಲ. ಒಂದು ಗಿಟಾರು, ಒಂದು ಹಾರ್ಮೋನಿಕಾ, ಇಬ್ಬರು ಮುದುಕರು. ಈ ಹಾಡು ಅವರದಲ್ಲ, ಮಡ್ಡಿ ವಾಟರ್ಸ್‌ದು. 1950ರಲ್ಲಿ ರೆಕಾರ್ಡ್ ಆದ ಈ ಹಾಡಿನಿಂದಲೇ 1962ರಲ್ಲಿ ತಮ್ಮ ಬ್ಯಾಂಡಿಗೆ ಹೆಸರು ತಗೊಂಡಿದ್ದರು. ಅರವತ್ತು ವರ್ಷ ಆ ಹೆಸರಿನ ಮೇಲೆ ಬದುಕಿ, ಕೋಟಿಗಟ್ಟಲೆ ದುಡಿದು, ಕೊನೆಗೆ ಆ ಹಾಡನ್ನೇ ಹಾಡಿ ಆಲ್ಬಮ್ ಮುಗಿಸಿದ್ದಾರೆ.

ಮಡ್ಡಿ ವಾಟರ್ಸ್ ಯಾರು? ಮಿಸಿಸಿಪ್ಪಿಯ ಹತ್ತಿ ತೋಟದ ಕೂಲಿ. 1941ರಲ್ಲಿ ಅಲನ್ ಲೋಮಾಕ್ಸ್ ಅನ್ನೋ ಸಂಗ್ರಾಹಕ ಯಂತ್ರ ಹೊತ್ಕೊಂಡು ತೋಟಕ್ಕೇ ಬಂದು ಅವರ ಹಾಡು ರೆಕಾರ್ಡ್ ಮಾಡಿದ. ತನ್ನ ದನಿ ತಾನೇ ಕೇಳಿದ ಆ ಮನುಷ್ಯ ಎರಡು ವರ್ಷಕ್ಕೆ ಕೂಲಿ ಬಿಟ್ಟು ಶಿಕಾಗೋ ಸೇರಿದರು. ಮುಂದಿನದು ಚರಿತ್ರೆ. ರೆಕಾರ್ಡಿನ ಮೇಲೆ ಹೆಸರಿತ್ತು, ಅದಕ್ಕೇ ಲಂಡನ್ನಿನ ಬಿಳಿ ಹುಡುಗರಿಗೂ ಆ ಹೆಸರು ಗೊತ್ತಾಯ್ತು.

ಹಾಗಂತ ಸ್ಟೋನ್ಸ್‌ನವರೇನು ಸಂತರಲ್ಲ. ರಾಬರ್ಟ್ ಜಾನ್ಸನ್ 1938ರಲ್ಲಿ, 27ನೇ ವಯಸ್ಸಿಗೇ ತೀರಿಕೊಂಡ ಕಪ್ಪು ಹಾಡುಗಾರ. ಅವನ 'ಲವ್ ಇನ್ ವೇನ್' ಅನ್ನು ಇವರು 1969ರಲ್ಲಿ ಹಾಡಿದಾಗ ಆಲ್ಬಮ್ಮಿನ ಮೇಲೆ ಅವನ ಹೆಸರೇ ಇರಲಿಲ್ಲ. ಆ ಹಾಡಿಗೆ ವಾರಸುದಾರರಿದ್ದಾರೆ, ಅದು ಬಿಟ್ಟಿ ಸಿಕ್ಕಿದ್ದಲ್ಲ ಅಂತ ಅಮೆರಿಕದ ಕೋರ್ಟು 2000ದಲ್ಲಿ ಹೇಳಬೇಕಾಯ್ತು. ಇನ್ನು 1971ರ 'ಬ್ರೌನ್ ಶುಗರ್'! ಗುಲಾಮ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಕುಣಿಯೋ ಹಾಡು ಮಾಡಿದ್ದರು. ಐವತ್ತು ವರ್ಷ ಹಾಡಿ, 2021ರ ಪ್ರವಾಸದಲ್ಲಿ ಕೈಬಿಟ್ಟರು. 1982ರ ದೇವದಾಸಿ ನಿಷೇಧ ಕಾಯ್ದೆ ಬಂದಮೇಲೂ ಮುತ್ತು ಕಟ್ಟೋದನ್ನ ಕಂಡ ಸೀಮೆ ನಮ್ಮದು. ಇಂಥ ಹಾಡಿಗೆ ಜಗತ್ತು ಕುಣೀತು ಅಂದ್ರೆ ಮೈ ಉರಿಯುತ್ತೆ. ಆದರೂ ಒಂದು ಲೆಕ್ಕ ಹೇಳ್ತೀನಿ: ಅವರು ತಡವಾಗಿಯಾದರೂ ಒಂದನ್ನು ಬಿಟ್ಟರು, ಇನ್ನೊಂದಕ್ಕೆ ಹೆಸರು ಹೇಳಿ ತಲೆಬಾಗಿದರು. ಈ ಆಲ್ಬಮ್ಮಿನ ಜೀವ ಇರೋದು ಆ ತಲೆಬಾಗುವಿಕೆಯಲ್ಲೇ ಅಂತ ನನ್ನ ಅಭಿಪ್ರಾಯ.

ಈಗ ನಮ್ಮೂರಿಗೆ ಬರ್ರಿ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ, ಬುಡ್ಗ ಜಂಗಮರ ಹೆಣ್ಣುಮಗಳು. ಅಕ್ಷರ ಗೊತ್ತಿಲ್ಲದೆ ಹನ್ನೆರಡು ಮಹಾಕಾವ್ಯಗಳನ್ನು ಬಾಯಲ್ಲಿ ಇಟ್ಕೊಂಡಿದ್ದ ತಾಯಿ. ಕಂಪ್ಲಿಯ ಕುಮಾರರಾಮನ ಕಥೆ ಅದರಲ್ಲೊಂದು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು, ಒಳ್ಳೇದೇ ಆಯ್ತು. 2014ರಲ್ಲಿ ತೀರಿಕೊಂಡರು. ಇವತ್ತು ಹೊಸಪೇಟೆಯ ಒಬ್ಬ ಕಾಲೇಜು ಹುಡುಗನನ್ನು ಕೇಳಿ, ಈರಮ್ಮನ ದನಿ ಹೆಂಗಿತ್ತು ಅಂತ. ಕುಮಾರರಾಮನ ಹೆಸರಲ್ಲಿ ಎದೆ ತಟ್ಕೊಳ್ಳೋರು ಬೇಕಾದಷ್ಟಿದ್ದಾರೆ. ಆ ಕಥೆಯನ್ನು ಊರೂರು ಅಲೆದು, ಬೇಡಿ ಉಂಡು ಉಳಿಸಿದೋರು ಯಾರು ಅಂದ್ರೆ ಗಪ್‌ಚುಪ್.

ಹಲಗಿದೂ ಅದೇ ಕಥೆ. ಸತ್ತರೆ ಬಾರಿಸು, ಜಾತ್ರೆಗೆ ಬಾರಿಸು, ಡಂಗುರ ಸಾರು, ಆದ್ರೆ ಗುಡಿ ಹೊರಗೆ ನಿಲ್ಲು. ಅದಕ್ಕೇ ನಮ್ಮ ಚಳವಳಿಯಲ್ಲಿ ಹಲಗಿ ಬಿಸಾಕಿ ಅಂದವರೂ ಇದ್ದರು, ಅದನ್ನೇ ಹೋರಾಟದ ಮುಂದೆ ಬಾರಿಸಿದವರೂ ಇದ್ದರು. ಎರಡೂ ಸರಿನೇ. ಈಗ ನೋಡಿದರೆ ಹಲಗಿ ಪೆಟ್ಟಿಲ್ಲದೆ ಸಿನಿಮಾ ಹಾಡೇ ಓಡಲ್ಲ. ಹಾಡಿದವರ ಹೆಸರು ಬರುತ್ತೆ, ಬರೆದವರ ಹೆಸರು ಬರುತ್ತೆ. ಬಾರಿಸಿದವನ ಹೆಸರು ಯಾವ ಯೂಟ್ಯೂಬ್ ಕೆಳಗಾದರೂ ಓದಿದೀರಾ? ಉತ್ಸವದ ಮೆರವಣಿಗೆಯಲ್ಲಿ ಬಿಸಿಲಲ್ಲಿ ನಡೆಯೋಕೆ ಹಲಗಿ ಬೇಕು, ರಾತ್ರಿ ಲೈಟಿನ ವೇದಿಕೆ ಬೇರೆಯವರಿಗೆ. ಫ್ಯೂಷನ್ ಬ್ಯಾಂಡ್‌ನವರು ಶರೀಫರನ್ನು ಗಿಟಾರಿನ ಮೇಲೆ ಹಾಡಿದರೆ ನನಗೆ ಖುಷಿನೇ, ತಕರಾರಿಲ್ಲ. ಆದರೆ ಶರೀಫರಿಗೆ ಸಿಕ್ಕ ಹೆಸರು ಹಲಗಿಯವನಿಗೂ ಸಿಗಲಿ.

ಸನ್ಮಾನದ ಶಾಲು ನಮ್ಮ ಕಲಾವಿದರ ಮನೇಲಿ ಸಾಕಷ್ಟಿದಾವೆ. ಬೇಕಿರೋದು ಸರಿಯಾದ ಮೈಕು, ಸರಿಯಾದ ಸ್ಟುಡಿಯೋ, ಹೆಸರು ಬರೆದ ಆಲ್ಬಮ್ಮು, ಮಾರಾಟವಾದರೆ ಅದರ ಪಾಲು. ಉತ್ಸವಗಳ ಒಂದು ರಾತ್ರಿಯ ಸಿಡಿಮದ್ದಿನ ಖರ್ಚಲ್ಲಿ ಇದನ್ನ ಶುರು ಮಾಡಬಹುದು ಅಂತ ಲೆಕ್ಕ ಬರೆದು ಬದುಕೋ ಗುಮಾಸ್ತ ನಾನು ಹೇಳ್ತಿದೀನಿ. ಎಂಬತ್ತಕ್ಕೆ ವಾಪಸ್ ಬರೋ ಅವಕಾಶ ಜಾಗರ್‌ಗೆ ಸಿಕ್ತು. ನಮ್ಮ ಹಲಗಿ ಮೇಳದ ಹಿರಿಯರಿಗೆ ಮೊದಲ ಆಲ್ಬಮ್ಮೇ ಇನ್ನೂ ಬಂದಿಲ್ಲ.

ನಿಮ್ಮ ಮೊಬೈಲಲ್ಲಿ ಹಲಗಿ ಮೇಳದ್ದೋ, ಬುರ್ರಕಥೆದ್ದೋ ರೆಕಾರ್ಡಿಂಗ್ ಇದ್ದರೆ ಅಳಿಸಬೇಡಿ. ಬಾರಿಸಿದವರ, ಹಾಡಿದವರ ಒಪ್ಪಿಗೆ ಕೇಳಿ, ಅವರ ಹೆಸರು, ಊರು ಬರೆದು ನನಗೆ ಕಳಿಸಿ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯವು ಮೊದಲು.