ಹೆಸರು ನಮ್ಮವರದು, ಕಥೆ ಯಾರದು?

ಹಾಲಿವುಡ್ ಎಂಬ ಬೃಹತ್ ಉದ್ಯಮವು ಮುಸ್ಲಿಮರನ್ನು ಯಾವ ಕಣ್ಣಿನಿಂದ ಕಂಡಿದೆ ಎಂಬುದು ಹೊಸ ವಿಷಯವೇನಲ್ಲ. ಬಾಂಬು ಕಟ್ಟಿಕೊಂಡ ಉಗ್ರ, ಭೋಗಲಾಲಸಿ ಶೇಖ್, ಬಾಯಿಯೇ ಇಲ್ಲದ ಬುರ್ಖಾಧಾರಿಣಿ. ದಶಕಗಳ ಕಾಲ ಈ ಕೆಲವೇ ಅಚ್ಚುಗಳಲ್ಲಿ ಅದು ನಮ್ಮನ್ನು ಎರಕ ಹೊಯ್ಯುತ್ತಾ ಬಂತು. ಲೆಬನಾನ್ ಮೂಲದ ಅಮೆರಿಕನ್ ವಿದ್ವಾಂಸ ಜ್ಯಾಕ್ ಶಾಹೀನ್‌ರವರು 900ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅರಬರನ್ನು ಸಾಮಾನ್ಯ ಮನುಷ್ಯರಂತೆ ಚಿತ್ರಿಸಿದ ಸಿನಿಮಾಗಳು ಅವುಗಳಲ್ಲಿ ತೀರಾ ವಿರಳವಾಗಿದ್ದವು.

ಇಂತಹ ಹಾಲಿವುಡ್‌ನ ತೆರೆಯ ಮೇಲೆ 2020ರ ಜನವರಿಯಲ್ಲಿ ನಿರ್ದೇಶಕರ ಸ್ಥಾನದಲ್ಲಿ ಎರಡು ಹೆಸರುಗಳು ಮೂಡಿದವು: ಆದಿಲ್ ಮತ್ತು ಬಿಲಾಲ್. ಆದಿಲ್ ಎಲ್ ಅರ್ಬಿ ಹಾಗೂ ಬಿಲಾಲ್ ಫಲ್ಲಾಹ್ ಬೆಲ್ಜಿಯಂನಲ್ಲಿ ಹುಟ್ಟಿ ಬೆಳೆದ ಮೊರಾಕ್ಕೋ ಮೂಲದ ಯುವಕರು. ಬ್ರಸೆಲ್ಸ್‌ನ ಚಲನಚಿತ್ರ ಶಾಲೆಯಲ್ಲಿ ಪರಿಚಿತರಾಗಿ ಜೋಡಿಯಾದವರು. ವಿಲ್ ಸ್ಮಿತ್ ಮತ್ತು ಮಾರ್ಟಿನ್ ಲಾರೆನ್ಸ್ ನಾಯಕರಾಗಿರುವ ‘ಬ್ಯಾಡ್ ಬಾಯ್ಸ್’ ಸರಣಿಯ ಮೂರನೆಯ ಭಾಗವನ್ನು ಅವರು ನಿರ್ದೇಶಿಸಿದ್ದರು. ಕೊರೋನಾ ಬೀಗ ಜಡಿದ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಗಳಿಸಿದ ಚಿತ್ರ ಅದೇ ಆಯಿತು. 2024ರ ಜೂನ್‌ನಲ್ಲಿ ನಾಲ್ಕನೆಯ ಭಾಗ ‘ಬ್ಯಾಡ್ ಬಾಯ್ಸ್: ರೈಡ್ ಆರ್ ಡೈ’ ಬಂತು. ನಿರ್ದೇಶಕರು ಮತ್ತೆ ಅವರೇ. ಎರಡೂ ಚಿತ್ರಗಳು ಜಗತ್ತಿನಾದ್ಯಂತ ತಲಾ 40 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದವು.

ಇದು ಹೆಮ್ಮೆಪಡಬೇಕಾದ ಸಾಧನೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಖಳನಾಯಕನ ವೇಷಕ್ಕೆ ಮಾತ್ರ ನಮ್ಮವರ ಹೆಸರನ್ನು ಹುಡುಕುತ್ತಿದ್ದ ಉದ್ಯಮವು ಇಂದು ತನ್ನ ಕೋಟಿಗಟ್ಟಲೆ ಬಂಡವಾಳವನ್ನು ಆದಿಲ್ ಮತ್ತು ಬಿಲಾಲ್‌ರ ಕೈಗಿತ್ತಿದೆ. ಆದರೆ ಹೆಮ್ಮೆ ಪಟ್ಟು ಸುಮ್ಮನಾಗುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗಿದೆ. ಹೆಸರೇನೋ ನಮ್ಮವರದು, ಆದರೆ ಅವರು ಹೇಳಿದ ಕಥೆ ಯಾರದು?

ಇಬ್ಬರು ಪೊಲೀಸರು. ಒಬ್ಬ ಧೂರ್ತ, ಶೋಕಿಲಾಲ. ಇನ್ನೊಬ್ಬ ಹೆಂಡತಿ ಮಕ್ಕಳ ಸಂಸಾರಸ್ಥ, ಅಂಜುಬುರುಕ. ಇಬ್ಬರೂ ಪರಸ್ಪರ ಕಿತ್ತಾಡುತ್ತಾ, ಚಟಾಕಿ ಹಾರಿಸುತ್ತಾ, ಕಾರುಗಳನ್ನು ನುಜ್ಜುಗುಜ್ಜಾಗಿಸುತ್ತಾ ಅಪರಾಧಿಗಳನ್ನು ಸದೆಬಡಿಯುತ್ತಾರೆ. ಮೇಲಧಿಕಾರಿ ಬೈಯುತ್ತಾನೆ, ಕೊನೆಗೆ ಬೆನ್ನು ತಟ್ಟುತ್ತಾನೆ. ಅಮೆರಿಕದ ಜೋಡಿ ಪೊಲೀಸರ ಹಾಸ್ಯಮಿಶ್ರಿತ ಸಾಹಸ ಚಿತ್ರಗಳ ಸಿದ್ಧಸೂತ್ರವಿದು. 1987ರ ‘ಲೀಥಲ್ ವೆಪನ್’ ಈ ಸೂತ್ರಕ್ಕೆ ಭದ್ರ ಬುನಾದಿ ಹಾಕಿತು. ಅಲ್ಲಿ ಒಬ್ಬ ಬಿಳಿಯ, ಇನ್ನೊಬ್ಬ ಕರಿಯ. 1995ರಲ್ಲಿ ಬಂದ ‘ಬ್ಯಾಡ್ ಬಾಯ್ಸ್’ ಅದನ್ನು ಮುರಿಯಿತು. ಮಿಯಾಮಿ ನಗರದ ಪತ್ತೇದಾರರಾದ ಮೈಕ್ ಲೌರಿ ಮತ್ತು ಮಾರ್ಕಸ್ ಬರ್ನೆಟ್ ಇಬ್ಬರೂ ಕರಿಯರಾಗಿದ್ದರು. ಅಂದು ಕರಿಯ ಸಮುದಾಯ ಸಂಭ್ರಮಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಸಂಭ್ರಮಕ್ಕೂ 2020ರಲ್ಲಿ ಆದಿಲ್, ಬಿಲಾಲ್‌ರ ಹೆಸರು ಕಂಡಾಗ ನಮ್ಮಲ್ಲಿ ಮೂಡಿದ ಸಂಭ್ರಮಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇನ್ನು ತೆರೆಯನ್ನು ಸರಿಸಿ ನಿಜವಾದ ಮಿಯಾಮಿಯನ್ನು ನೋಡೋಣ. 1979ರ ಡಿಸೆಂಬರ್‌ನಲ್ಲಿ ಆರ್ಥರ್ ಮೆಕ್‌ಡಫಿ ಎಂಬ ಕರಿಯ ವಿಮಾ ಏಜೆಂಟರನ್ನು ಅಲ್ಲಿನ ಪೊಲೀಸರು ಬೆನ್ನಟ್ಟಿ ಹಿಡಿದು ಬಡಿದರು. ಅವರು ಆಸ್ಪತ್ರೆಯಲ್ಲಿ ಅಸುನೀಗಿದರು. ಪೊಲೀಸರು ಅದನ್ನು ಮೋಟಾರ್ ಸೈಕಲ್ ಅಪಘಾತವೆಂದು ಬಿಂಬಿಸಲು ಯತ್ನಿಸಿದ್ದು ತನಿಖೆಯಲ್ಲಿ ಬಯಲಾಯಿತು. ಆದರೂ 1980ರ ಮೇ ತಿಂಗಳಲ್ಲಿ, ಬಿಳಿಯರೇ ತುಂಬಿದ್ದ ತೀರ್ಪುಗಾರರ ಮಂಡಳಿಯು ಆರೋಪಿಗಳನ್ನು ನಿರ್ದೋಷಿಗಳೆಂದು ಸಾರಿತು. ನಗರ ಹೊತ್ತಿ ಉರಿದು 18 ಮಂದಿ ಪ್ರಾಣ ಕಳೆದುಕೊಂಡರು. ಇದೆಲ್ಲ ಹಳೆಯ ಕಥೆ ಎನ್ನುವಂತೆಯೂ ಇಲ್ಲ. ಮಿಯಾಮಿ ಪೊಲೀಸರು ಗುಂಡು ಹಾರಿಸುವುದರಲ್ಲಿ ಮಿತಿಮೀರಿದ ಬಲಪ್ರಯೋಗವನ್ನು ರೂಢಿ ಮಾಡಿಕೊಂಡಿದ್ದಾರೆಂದು ಅಮೆರಿಕದ ನ್ಯಾಯ ಇಲಾಖೆಯೇ 2013ರಲ್ಲಿ ವರದಿ ನೀಡಿತು. 2008ರಿಂದ 2011ರ ನಡುವೆ ಅವರು ಜನರ ಮೇಲೆ ಗುಂಡು ಹಾರಿಸಿದ 33 ಪ್ರಸಂಗಗಳನ್ನು ಅದು ಪರಿಶೀಲಿಸಿತ್ತು. ನಾಲ್ಕು ಚಿತ್ರಗಳ ಉದ್ದಕ್ಕೂ ಮಿಯಾಮಿಯ ಕಡಲತೀರ, ಐಷಾರಾಮಿ ಕಾರು ಮತ್ತು ಸಂಜೆಗೆಂಪು ಕಣ್ಣು ಕುಕ್ಕುತ್ತವೆ. ಮೆಕ್‌ಡಫಿಯವರ ಮಿಯಾಮಿ ಮಾತ್ರ ಅಲ್ಲಿಲ್ಲ.

ಈ ಕುರುಡು ಕೇವಲ ಒಂದು ನಗರದ್ದಲ್ಲ. 1992ರ ಏಪ್ರಿಲ್ 29ರಂದು, ರಾಡ್ನಿ ಕಿಂಗ್‌ರನ್ನು ಥಳಿಸಿದ ಪೊಲೀಸರ ಖುಲಾಸೆಯಿಂದ ಲಾಸ್ ಏಂಜಲಿಸ್ ನಗರದಲ್ಲಿ ಬೆಂಕಿ ಹತ್ತಿಕೊಂಡಿತು. 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅದಾಗಿ ಎರಡೇ ವಾರಗಳ ಬಳಿಕ, ಮೇ 15ರಂದು, ಅದೇ ಲಾಸ್ ಏಂಜಲಿಸ್‌ನ ಪೊಲೀಸರ ಹಾಸ್ಯ ಸಾಹಸಗಳ ‘ಲೀಥಲ್ ವೆಪನ್ 3’ ತೆರೆಕಂಡಿತು. ಜನ ಸಾಲುಗಟ್ಟಿ ನಿಂತು ನೋಡಿದರು. ಬೀದಿಯ ಬೂದಿ ಆರುವ ಮುನ್ನವೇ ತೆರೆಯ ನಗು ಆರಂಭವಾಗಿತ್ತು.

ನಗುವಿನ ಶಕ್ತಿಯೇ ಅಂತಹುದು. ಕ್ರೌರ್ಯವನ್ನು ಕ್ರೌರ್ಯವೆಂದೇ ತೋರಿಸಿದರೆ ಮನಸ್ಸು ಪ್ರತಿಭಟಿಸುತ್ತದೆ. ಅದನ್ನೇ ಹಾಸ್ಯದಲ್ಲಿ ಅದ್ದಿ ಕೊಟ್ಟರೆ ಮರುಮಾತಿಲ್ಲದೆ ನುಂಗುತ್ತದೆ. 2003ರ ‘ಬ್ಯಾಡ್ ಬಾಯ್ಸ್ 2’ರಲ್ಲಿ ಒಂದು ಪ್ರಸಿದ್ಧ ದೃಶ್ಯವಿದೆ. ಮಾರ್ಕಸ್‌ನ ಮಗಳನ್ನು ಹೊರಗೆ ಕರೆದೊಯ್ಯಲು ರೆಜಿ ಎಂಬ 15 ವರ್ಷದ ಕರಿಯ ಹುಡುಗ ಬಾಗಿಲಿಗೆ ಬರುತ್ತಾನೆ. ಇಬ್ಬರೂ ಪೊಲೀಸರು ಸೇರಿ ಅವನನ್ನು ಗದರಿಸಿ, ಪಿಸ್ತೂಲು ತೋರಿಸಿ ನಡುಗಿಸುತ್ತಾರೆ. ಚಿತ್ರಮಂದಿರದಲ್ಲಿ ನಗುವಿನ ಅಲೆ. ಇಂದಿಗೂ ಅಭಿಮಾನಿಗಳು ನೆನೆದು ನಗುವ ದೃಶ್ಯವದು. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ ಆಟಿಕೆಯ ಪಿಸ್ತೂಲು ಹಿಡಿದಿದ್ದ 12 ವರ್ಷದ ತಮೀರ್ ರೈಸ್ ಎಂಬ ಕರಿಯ ಬಾಲಕನನ್ನು, ಕಾರಿನಲ್ಲಿ ಬಂದಿಳಿದ ಪೊಲೀಸನು ಕೆಲವೇ ಕ್ಷಣಗಳಲ್ಲಿ ಗುಂಡಿಕ್ಕಿದನು. ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ನಡೆಯಲಿಲ್ಲ. ಪೊಲೀಸನ ಪಿಸ್ತೂಲಿನ ಮುಂದೆ ನಡುಗುವ ಕರಿಯ ಬಾಲಕನನ್ನು ಕಂಡು ನಗಲು ಕಲಿತ ಸಮಾಜವು, ಅಂತಹ ಬಾಲಕ ಸತ್ತಾಗ ಅಳುವುದನ್ನು ಎಲ್ಲಿಂದ ಕಲಿಯಬೇಕು?

ಅದೇ ಚಿತ್ರದ ಕೊನೆಯಲ್ಲಿ ಕ್ಯೂಬಾದ ಬೆಟ್ಟದಿಳಿಜಾರಿನ ಬಡವರ ಗುಡಿಸಲುಗಳ ಮೇಲೆ ಭಾರೀ ಗಾತ್ರದ ಹಳದಿ ವಾಹನವನ್ನು ಹರಿಸಿಕೊಂಡು ನಾಯಕರು ಪಾರಾಗುತ್ತಾರೆ. ತಗಡು, ಹಲಗೆ, ಬಟ್ಟೆಬರೆಗಳು ಗಾಳಿಯಲ್ಲಿ ಹಾರುತ್ತವೆ. ಮನೆ ಕಳೆದುಕೊಂಡವರ ಮುಖಗಳ ಮೇಲೆ ಕ್ಯಾಮರಾ ನಿಲ್ಲುವುದಿಲ್ಲ. ಈ ದೃಶ್ಯ ಯಾರಿಗೆ ರೋಮಾಂಚನ, ಯಾರಿಗೆ ಎದೆನೋವು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಈ ಎರಡು ಭಾಗಗಳ ನಿರ್ದೇಶಕ ಮೈಕೆಲ್ ಬೇ. ಹಾಗಾದರೆ ಆದಿಲ್ ಮತ್ತು ಬಿಲಾಲ್ ಏನನ್ನು ಬದಲಾಯಿಸಿದರು? ನ್ಯಾಯವಾಗಿ ಹೇಳುವುದಾದರೆ, ಅವರು ಪ್ರಯತ್ನಿಸಿದ್ದಾರೆ. ಮೂರನೆಯ ಭಾಗದಲ್ಲಿ ನಾಯಕರಿಗೆ ವಯಸ್ಸಾಗಿದೆ, ಮೈ ಮಾತು ಕೇಳುವುದಿಲ್ಲ. ಗುಂಡೇಟಿನಿಂದ ಪ್ರಜ್ಞೆ ತಪ್ಪಿ ಮಲಗಿದ ಮೈಕ್‌ನ ಹಾಸಿಗೆಯ ಬಳಿ ಮಾರ್ಕಸ್ ದೇವರಿಗೆ ಮೊರೆಯಿಡುತ್ತಾನೆ: ಗೆಳೆಯನನ್ನು ಉಳಿಸಿಕೊಟ್ಟರೆ ತಾನೆಂದೂ ಹಿಂಸೆಗೆ ಕೈಯೆತ್ತಲಾರೆನು ಎಂದು. ಇಡೀ ಸರಣಿಯ ಅತ್ಯಂತ ಗಂಭೀರ ಕ್ಷಣವದು. ಜೀವನವಿಡೀ ಗುಂಡು ಹಾರಿಸಿದ ಪೊಲೀಸನೊಬ್ಬನು ತನ್ನ ಕೈಗಳನ್ನೇ ನೋಡಿಕೊಂಡು ಬೆಚ್ಚಿಬೀಳುವ ಕ್ಷಣ. ಅಲ್ಲಿಂದ ಕಥೆ ಬೇರೊಂದು ದಾರಿ ಹಿಡಿಯಬಹುದಿತ್ತು. ಆದರೆ ಸಿದ್ಧಸೂತ್ರ ಬಿಡಬೇಕಲ್ಲ! ದೇವರಿಗೆ ಕೊಟ್ಟ ಮಾತು ಮುಂದಿನ ದೃಶ್ಯಗಳಲ್ಲಿ ಚಟಾಕಿಯ ಸರಕಾಗುತ್ತದೆ, ಕೊನೆಗೆ ಬಂದೂಕು ಮರಳಿ ಕೈಗೆ ಬರುತ್ತದೆ. ಪ್ರತಿಜ್ಞೆ ಮುರಿದಾಗ ಪ್ರೇಕ್ಷಕರು ನಿಟ್ಟುಸಿರಿಡುವ ಬದಲು ಕೇಕೆ ಹಾಕುವಂತೆ ಆ ದೃಶ್ಯಗಳನ್ನು ಹೆಣೆಯಲಾಗಿದೆ.

ಮೂರನೆಯ ಚಿತ್ರ ಬಂದ ನಾಲ್ಕೇ ತಿಂಗಳಲ್ಲಿ, 2020ರ ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಉಸಿರು ಚೆಲ್ಲಿದರು. ಪೊಲೀಸ್ ವ್ಯವಸ್ಥೆಯ ವಿರುದ್ಧ ಜಗತ್ತೇ ಬೀದಿಗಿಳಿಯಿತು. ಆದ್ದರಿಂದ ಆ ನಂತರ ಬಂದ ನಾಲ್ಕನೆಯ ಭಾಗದ ಮೇಲೆ ಸಹಜವಾಗಿಯೇ ನಿರೀಕ್ಷೆಯಿತ್ತು. ಅಲ್ಲಿ ನಡೆದದ್ದೇನು? ಹಿಂದಿನ ಭಾಗದಲ್ಲಿ ಹತ್ಯೆಗೀಡಾದ ಕ್ಯಾಪ್ಟನ್ ಹೋವರ್ಡ್‌ರ ಮೇಲೆ ಮಾದಕ ವಸ್ತು ಜಾಲದೊಂದಿಗೆ ಶಾಮೀಲಾದ ಸುಳ್ಳು ಆರೋಪ ಹೊರಿಸಲಾಗುತ್ತದೆ. ಆ ಕಳಂಕವನ್ನು ತೊಳೆಯಲು ಹೊರಟ ಇಬ್ಬರು ನಾಯಕರು ತಾವೇ ತಲೆಮರೆಸಿಕೊಳ್ಳಬೇಕಾಗುತ್ತದೆ. ಅಂದರೆ ಪೊಲೀಸರ ಕೈಯಲ್ಲಿ ಜನರು ಹೇಗೆ ನಲುಗುತ್ತಾರೆಂದು ಜಗತ್ತು ಕೇಳುತ್ತಿದ್ದ ಹೊತ್ತಿನಲ್ಲಿ, ಪೊಲೀಸರು ಸುಳ್ಳು ಆರೋಪಗಳಿಂದ ಎಷ್ಟು ನಲುಗುತ್ತಾರೆಂದು ಚಿತ್ರವು ಉತ್ತರಿಸಿತು! ತಪ್ಪಿತಸ್ಥರು ಒಳಗಿದ್ದಾರೆಂದು ಒಪ್ಪುವುದೇನೋ ಹೌದು. ಆದರೆ ಆ ತಪ್ಪು ಒಬ್ಬಿಬ್ಬರು ದುಷ್ಟರದು. ಅವರು ಸತ್ತರೆ ವ್ಯವಸ್ಥೆ ಪರಿಶುದ್ಧ. ಕೊನೆಯಲ್ಲಿ, ಆ ಕ್ಯಾಪ್ಟನ್ನರನ್ನು ಕೊಂದ ತಪ್ಪಿಗೆ ಸೆರೆಮನೆಯಲ್ಲಿದ್ದ ಅರ್ಮಾಂಡೋನನ್ನು ಮೈಕ್ ಬಿಟ್ಟುಕಳುಹಿಸುತ್ತಾನೆ. ಅರ್ಮಾಂಡೋ ಅವನ ಸ್ವಂತ ಮಗ. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಪಾಠವನ್ನು ಬಾಲ್ಯದಿಂದಲೇ ಕೇಳುತ್ತಾ ಬಂದ ನಮಗೆ ಈ ಅಂತ್ಯ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು.

ನಗು ಏನನ್ನೆಲ್ಲ ತೊಳೆಯಬಲ್ಲದು ಎಂಬುದಕ್ಕೆ ಈ ಚಿತ್ರದಲ್ಲೇ ಇನ್ನೊಂದು ಸಾಕ್ಷಿಯಿದೆ. 2022ರ ಮಾರ್ಚ್‌ನಲ್ಲಿ ಆಸ್ಕರ್ ವೇದಿಕೆಯ ಮೇಲೆ ವಿಲ್ ಸ್ಮಿತ್ ಹಾಸ್ಯನಟ ಕ್ರಿಸ್ ರಾಕ್‌ರ ಕೆನ್ನೆಗೆ ಬಾರಿಸಿ, ಅಕಾಡೆಮಿಯ ಸಮಾರಂಭಗಳಿಂದ ಹತ್ತು ವರ್ಷಗಳ ನಿಷೇಧಕ್ಕೊಳಗಾದರು. ಈ ಚಿತ್ರದಲ್ಲಿ ಭೀತಿಯಿಂದ ಸ್ತಬ್ಧನಾದ ಮೈಕ್‌ನನ್ನು ಎಚ್ಚರಿಸಲು ಮಾರ್ಕಸ್ ಅವನ ಕೆನ್ನೆಗೆ ಮತ್ತೆ ಮತ್ತೆ ಬಾರಿಸುತ್ತಾನೆ. ಪ್ರೇಕ್ಷಕರು ನಕ್ಕರು, ಲೆಕ್ಕ ಚುಕ್ತಾ ಆಯಿತು. ನಟನೊಬ್ಬನ ಏಟಿಗೆ ಈ ಪ್ರಾಯಶ್ಚಿತ್ತ ಸಾಕಾದೀತು. ಆದರೆ ಇದೇ ನಗುವಿನಿಂದ ಲಾಠಿಯ ಏಟನ್ನೂ ತೊಳೆಯಬಹುದೇ?

ಇಷ್ಟಾದರೂ ಈ ಇಬ್ಬರು ನಿರ್ದೇಶಕರನ್ನು ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಾಗದು. ಅವರಿಗೆ ಬೇರೆ ಕಥೆ ಗೊತ್ತಿಲ್ಲವೆಂದಲ್ಲ. 2022ರ ‘ಮಿಸ್ ಮಾರ್ವೆಲ್’ ಸರಣಿಯ ಮೊದಲ ಮತ್ತು ಕೊನೆಯ ಕಂತುಗಳನ್ನು ನಿರ್ದೇಶಿಸಿದವರು ಇವರೇ. ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಮನೆಯೊಂದರ ಹುಡುಗಿ ಕಮಲಾ ಖಾನ್ ಅದರ ನಾಯಕಿ. ಸರ್ಕಾರಿ ಅಧಿಕಾರಿಗಳು ಮಸೀದಿಯೊಳಗೆ ನುಗ್ಗುವ ಪ್ರಸಂಗವನ್ನು ಆ ಸರಣಿಯು ಒಳಗಿದ್ದವರ ಕಣ್ಣಿನಿಂದಲೇ ತೋರಿಸಿತು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅವರ ‘ರೆಬೆಲ್’ ಪ್ರದರ್ಶಿತವಾಯಿತು. ಬ್ರಸೆಲ್ಸ್‌ನ ಮೋಲೆನ್‌ಬೀಕ್ ಬಡಾವಣೆಯಿಂದ ಸಿರಿಯಾಕ್ಕೆ ಹೋದ ಯುವಕ, ಕಿರಿಯ ಮಗನನ್ನಾದರೂ ಉಳಿಸಿಕೊಳ್ಳಲು ಹೆಣಗುವ ತಾಯಿ. ಯುರೋಪಿನ ಮುಸ್ಲಿಮ್ ಕುಟುಂಬಗಳ ಹಸಿಗಾಯವನ್ನು ಅವರು ಅಲ್ಲಿ ಮುಟ್ಟಿದ್ದರು. ‘ಬ್ಯಾಡ್ ಬಾಯ್ಸ್’ ನೋಡಿದವರಲ್ಲಿ ‘ರೆಬೆಲ್’ನ ಹೆಸರು ಕೇಳಿದವರೆಷ್ಟು?

ಬಾಡಿಗೆಯ ಕಥೆಯಲ್ಲಿ ನಿರ್ದೇಶಕನ ಸ್ಥಾನಮಾನವೇನೆಂಬುದಕ್ಕೂ ಅದೇ ವರ್ಷ ಸಾಕ್ಷಿಯಾಯಿತು. ಸುಮಾರು 9 ಕೋಟಿ ಡಾಲರ್ ವೆಚ್ಚದಲ್ಲಿ ಈ ಜೋಡಿ ನಿರ್ದೇಶಿಸಿದ ‘ಬ್ಯಾಟ್‌ಗರ್ಲ್’ ಚಿತ್ರವನ್ನು 2022ರ ಆಗಸ್ಟ್‌ನಲ್ಲಿ ವಾರ್ನರ್ ಸಂಸ್ಥೆಯು ಬಿಡುಗಡೆಯನ್ನೇ ಮಾಡದೆ ಮುಚ್ಚಿಹಾಕಿತು. ಸುದ್ದಿ ತಲುಪಿದಾಗ ಅವರು ಆದಿಲ್‌ರ ಮದುವೆಗಾಗಿ ಮೊರಾಕ್ಕೋದಲ್ಲಿದ್ದರು. ಬಂಡವಾಳ ಹೂಡುವವನೇ ಕಥೆಯ ಯಜಮಾನ. ಹೆಸರಿಗೆ ಮಾತ್ರ ನಿರ್ದೇಶಕ.

ದೂರದ ಮಿಯಾಮಿಯ ಕಥೆ ನಮಗೇಕೆ ಎಂದು ಕೇಳುವವರಿರಬಹುದು. ಪೊಲೀಸರ ಗುಂಡಿಗೆ ಚಪ್ಪಾಳೆ ತಟ್ಟುವ ಅಭ್ಯಾಸ ಚಿತ್ರಮಂದಿರದ ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ಅದಕ್ಕೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನರು ಅವರ ಮೇಲೆ ಹೂವಿನ ಮಳೆಗರೆದರು. ಅಪರಾಧ ಘೋರವಾದುದು, ಜನರ ಆಕ್ರೋಶ ಸಹಜವಾದುದು. ಆದರೆ ಸುಪ್ರೀಮ್ ಕೋರ್ಟ್ ನೇಮಿಸಿದ ಸಿರ್‌ಪುರ್‌ಕರ್ ಆಯೋಗವು 2022ರಲ್ಲಿ ನೀಡಿದ ವರದಿಯಲ್ಲಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದು ಹೇಳಿತು. ನ್ಯಾಯಾಲಯದ ಬಾಗಿಲನ್ನೇ ಕಾಣದೆ ನಾಲ್ಕು ಜೀವಗಳು ಮುಗಿದಿದ್ದವು. ಹೂವು ಎರಚಿದ ಕೈಗಳಿಗೆ ಆ ಅಭ್ಯಾಸ ಎಲ್ಲಿಂದ ಬಂತು? ತೆರೆಯ ಮೇಲೆ ವಿಚಾರಣೆಯಿಲ್ಲದ ತೀರ್ಪುಗಳನ್ನು ಕಂಡು ದಶಕಗಳಿಂದ ಶಿಳ್ಳೆ ಹೊಡೆಯುತ್ತಾ ಬಂದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಸಿನಿಮಾವನ್ನು ಬಹಿಷ್ಕರಿಸಿರೆಂದು ನಾವು ಹೇಳುತ್ತಿಲ್ಲ. ಅಂಗೈಯಲ್ಲೇ ಚಿತ್ರಮಂದಿರವಿರುವ ಕಾಲದಲ್ಲಿ ಬಾಗಿಲು ಮುಚ್ಚಿದರೆ ಪ್ರಯೋಜನವೂ ಇಲ್ಲ. ಮಕ್ಕಳು ನೋಡುತ್ತಾರೆ, ನಗುತ್ತಾರೆ. ಹೆತ್ತವರು ಒಮ್ಮೆ ಅವರ ಬಳಿ ಕುಳಿತು ನೋಡಲಿ. ಗುಂಡು ತಗುಲಿದವನು ಯಾರು, ಅವನ ವಿಚಾರಣೆ ಎಲ್ಲಿ ನಡೆಯಿತು, ಪುಡಿಯಾದ ಗುಡಿಸಲಿನಲ್ಲಿ ಇದ್ದವರು ಅಂದು ರಾತ್ರಿ ಎಲ್ಲಿ ಮಲಗಿದರು ಎಂದು ಮೆಲ್ಲಗೆ ಕೇಳಲಿ. ಉಪದೇಶಕ್ಕಿಂತ ಈ ಪ್ರಶ್ನೆಗಳು ಹೆಚ್ಚು ಕಾಲ ಉಳಿಯುತ್ತವೆ.

ನಮ್ಮ ಯುವಕರು ಕ್ಯಾಮರಾ ಹಿಡಿಯಲಿ. ಕಥೆ ಬರೆಯಲಿ, ಸಂಕಲನ ಕಲಿಯಲಿ. ಆ ಕ್ಷೇತ್ರವನ್ನು ನಿಷಿದ್ಧವೆಂದು ಬಿಟ್ಟುಕೊಟ್ಟು ಬಳಿಕ ನಮ್ಮನ್ನು ಕೆಟ್ಟದಾಗಿ ತೋರಿಸಿದರೆಂದು ಅಲವತ್ತುಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಅವರಲ್ಲೊಬ್ಬನು ‘ರೆಬೆಲ್’ನಂತಹ ಚಿತ್ರ ಮಾಡಿದಾಗ ಟಿಕೆಟ್ ಕೊಳ್ಳುವವರು ಯಾರು? ದೊಡ್ಡ ತೆರೆಯ ಮೇಲೆ ನಮ್ಮವರ ಹೆಸರು ಕಂಡಾಗ ಚಪ್ಪಾಳೆ ತಟ್ಟಿ, ಅವರು ನಮ್ಮ ಕಥೆ ಹೇಳಿದಾಗ ಎದ್ದು ಹೋಗುವ ಸಮುದಾಯವು, ತನ್ನ ಪ್ರತಿಭೆಗಳನ್ನು ಬಾಡಿಗೆಯ ಕಥೆಗಳಿಗೆ ತಾನೇ ಅಟ್ಟುತ್ತಿದೆ. 1995ರಲ್ಲಿ ತೆರೆಯ ಮುಂದಿನ ಮುಖಗಳು ಬದಲಾದವು. 2020ರಲ್ಲಿ ಕ್ಯಾಮರಾದ ಹಿಂದಿನ ಹೆಸರುಗಳು ಬದಲಾದವು. ಪಿಸ್ತೂಲಿನ ಎದುರು ನಡುಗುತ್ತಾ ನಿಂತ ಹುಡುಗನ ಕಡೆಯಿಂದ ಕಥೆ ಆರಂಭವಾಗುವುದು ಇನ್ನೂ ಬಾಕಿಯಿದೆ.