ಕಾರಿನ ತಲೆ ಮೇಲೆ ಎಷ್ಟು ಭಾರ?

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಸಾಕು, ನಮ್ಮ ಬಡಾವಣೆಗಳ ಕಾರುಗಳಿಗೆಲ್ಲ ಒಂದೊಂದಾಗಿ ಕಿರೀಟ ಏರತೊಡಗುತ್ತದೆ. ಕಿರೀಟ ಅಂದರೆ ಬೇರೇನೂ ಅಲ್ಲ, ಕ್ಯಾರಿಯರ್. ಡಿಕ್ಕಿಯಲ್ಲಿ ಜಾಗ ಸಾಲದ ಸೂಟ್‌ಕೇಸು, ಅಜ್ಜಿಗೆಂದು ಕೊಂಡ ಕಂಬಳಿ, ಅದರ ಮೇಲೆ 'ಸೈಕಲ್ ತಗೊಂಡು ಹೋಗದಿದ್ದರೆ ನಾನು ಊರಿಗೇ ಬರೋದಿಲ್ಲ' ಎಂದು ಹಟ ಹಿಡಿದ ಮಗರಾಯನ ಸೈಕಲ್ಲು. ಸಿಎನ್‌ಜಿ ಕಾರಿನವರ ಪಾಡಂತೂ ಕೇಳಲೇಬೇಡಿ. ಡಿಕ್ಕಿಯ ಬಹುಪಾಲು ಜಾಗವನ್ನು ಸಿಲಿಂಡರೇ ನುಂಗಿರುತ್ತದೆ. ಹೀಗಾಗಿ ಎಲ್ಲರ ಕಣ್ಣೂ ಕಾರಿನ ತಲೆ ಮೇಲೆ!

ಒಂದು ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ನಾವು, ಕಾರಿನ ಮಾತು ಬಂದ ಕೂಡಲೇ 'ಅದೆಲ್ಲ ನಮ್ಮನೆಯವರಿಗೇ ಗೊತ್ತು' ಎಂದು ಕೈತೊಳೆದುಕೊಳ್ಳುತ್ತೇವೆ. ಅವರೋ, ಭಾನುವಾರ ಜೆ.ಸಿ. ರಸ್ತೆಗೆ ಹೋಗಿ ಅಂಗಡಿಯವನು ತೋರಿಸಿದ್ದನ್ನು ಹಾಕಿಸಿಕೊಂಡು ಬಂದುಬಿಡುತ್ತಾರೆ. ಇಲ್ಲೇ ನನ್ನ ತಕರಾರು. ಕ್ಯಾರಿಯರ್ ಎನ್ನುವುದು ಕಾರಿನ ವಿಷಯಕ್ಕಿಂತ ಹೆಚ್ಚಾಗಿ ತೂಕದ ವಿಷಯ. ಏನು ತುಂಬಬೇಕು, ಎಷ್ಟು ತುಂಬಬೇಕು ಎಂದು ತೀರ್ಮಾನಿಸುವವರು, ತುಂಬುವವರು ನಾವು. ಹಾಗಿರುವಾಗ ಆರಿಸುವಾಗಲೂ ನಾವು ಪಕ್ಕದಲ್ಲಿರಬೇಡವೇ?

ಮೊದಲು ಪುಸ್ತಕ ತೆರೆಯಿರಿ

ಕಾರು ಕೊಂಡಾಗ ಒಂದು ಪುಸ್ತಕ ಕೊಟ್ಟಿರುತ್ತಾರೆ, ನೆನಪಿದೆಯೇ? ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇರಬಹುದು. ಅದರಲ್ಲಿ 'ರೂಫ್ ಲೋಡ್' ಎಂಬ ಮಾತನ್ನು ಹುಡುಕಿ. ಕಾರು ಓಡುತ್ತಿರುವಾಗ ಅದರ ಮಾಡಿನ ಮೇಲೆ ಎಷ್ಟು ತೂಕ ಇಡಬಹುದು ಎಂದು ಅಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಸಣ್ಣ, ಮಧ್ಯಮ ಕಾರುಗಳಿಗೆ ಇದು 50ರಿಂದ 75 ಕೆ.ಜಿ. ಆಸುಪಾಸು. ಕೆಲವು ಮಾದರಿಗಳಲ್ಲಿ ಮೇಲೆ ಏನನ್ನೂ ಕಟ್ಟಕೂಡದು ಎಂದೇ ಇರುತ್ತದೆ. ದೊಡ್ಡ ಗಾಜಿನ ಸನ್‌ರೂಫ್ ಇದ್ದರಂತೂ ಓದದೆ ಮುಂದುವರಿಯಲೇಬೇಡಿ.

ಇನ್ನೊಂದು ಗುಟ್ಟು ಇದೆ. ಈ ತೂಕದಲ್ಲಿ ಕ್ಯಾರಿಯರ್‌ನ ತೂಕವೂ ಸೇರಿದೆ! ಅಂಗಡಿಯವನು 'ನೂರು ಕೆ.ಜಿ. ಹಾಕಿ ಮೇಡಂ, ಏನೂ ಆಗಲ್ಲ' ಅನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ, ಅವನ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಆದರೆ ಅದರ ಕೆಳಗಿರುವ ನಿಮ್ಮ ಕಾರಿನ ತಗಡು?

ದಿನಸಿ ಚೀಟಿ ಬರೆದ ಹಾಗೆ ಒಂದು ಲೆಕ್ಕ ಹಾಕೋಣ. ನಿಮ್ಮ ಕಾರಿನ ಮಿತಿ 50 ಕೆ.ಜಿ. ಎಂದಿಟ್ಟುಕೊಳ್ಳಿ. ಕಬ್ಬಿಣದ ಬುಟ್ಟಿಯಂಥ ಕ್ಯಾರಿಯರ್ 20 ಕೆ.ಜಿ. ತೂಗಿದರೆ ಉಳಿದದ್ದು 30. ಅದರಲ್ಲಿ ಅಪ್ಪನ ಗೇರ್ ಸೈಕಲ್ 14 ಕೆ.ಜಿ., ಮಗನದು 12 ಕೆ.ಜಿ. ಎಂದರೆ 26. ಇನ್ನು 4 ಕೆ.ಜಿ. ಮಾತ್ರ ಬಾಕಿ, ಒಂದು ಹಾಸಿಗೆ ಸುರುಳಿಗೆ ಸರಿಹೋಯಿತು. ಅದೇ ಅಲ್ಯುಮಿನಿಯಂನ ಎರಡು ಅಡ್ಡಪಟ್ಟಿ, ಸೈಕಲ್ ಹಿಡಿಯುವ ಎರಡು ತೊಟ್ಟಿ ಸೇರಿ 14 ಕೆ.ಜಿ. ಆದರೆ 10 ಕೆ.ಜಿ. ಉಳಿಯುತ್ತದೆ. ಎಂದರೆ ಕ್ಯಾರಿಯರ್ ಹಗುರವಾದಷ್ಟೂ ಲಾಭ ನಮ್ಮದೇ.

ಹೋಗುವಾಗಿನ ಲೆಕ್ಕ ಮಾತ್ರ ಸಾಲದು ಕಣ್ರೀ, ಬರುವಾಗಿನದನ್ನೂ ಹಾಕಬೇಕು. ಊರಿಂದ ಬರಿಗೈಯಲ್ಲಿ ಬಂದವರುಂಟೇ? ಸುಲಿದ ತೆಂಗಿನಕಾಯಿ ಅರ್ಧ ಕೆ.ಜಿ. ಅಂದರೂ 50 ಕಾಯಿಗೆ 25 ಕೆ.ಜಿ. ಅಕ್ಕಿ ಮೂಟೆ ಇನ್ನೊಂದು 25. ಅತ್ತೆಯವರು ಪ್ರೀತಿಯಿಂದ ಏರಿಸಿದ ಎರಡು ಹಲಸಿನಹಣ್ಣು ಇದರ ಮೇಲೆ. ಇಷ್ಟನ್ನೂ ಮಾಡಿನ ಮೇಲೆ ಕಟ್ಟಿಕೊಂಡು ಘಾಟಿ ಹತ್ತುವ ಕಾರುಗಳನ್ನು ಮೇ ತಿಂಗಳಲ್ಲಿ ಯಾರು ಬೇಕಾದರೂ ನೋಡಬಹುದು.

ಮೇಲಿನ ಭಾರಕ್ಕೆ ಯಾಕಿಷ್ಟು ಹೆದರಿಕೆ?

ಸೊಂಟದ ಮೇಲೆ ಕೊಡ ಇಟ್ಟುಕೊಂಡು ತಿರುಗುವುದಕ್ಕೂ, ತಲೆ ಮೇಲೆ ಕೊಡ ಹೊತ್ತು ತಿರುಗುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದ್ದದ್ದೇ. ತಲೆ ಮೇಲಿದ್ದಾಗ ಥಟ್ಟನೆ ತಿರುಗಿದರೆ ಮೈ ಒಂದು ಕಡೆ, ಕೊಡ ಒಂದು ಕಡೆ. ಕಾರಿಗೂ ಅಷ್ಟೇ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಅದು ಹೆಚ್ಚು ವಾಲುತ್ತದೆ. ಅಡ್ಡಗಾಳಿಗೆ ತೂರಾಡುತ್ತದೆ. ಒಟ್ಟು ತೂಕ ಹೆಚ್ಚಿದ್ದಕ್ಕೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಇನ್ನಷ್ಟು ದೂರ ಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ, ಅದರಲ್ಲೂ ಮೊದಲ ಮಳೆ ಬಿದ್ದ ರಸ್ತೆಯಲ್ಲಿ ಇದು ಆಟದ ಮಾತಲ್ಲ.

ಇನ್ನು ಕಟ್ಟಿದ್ದು ಸಡಿಲವಾಗಿ ಬಿದ್ದರೆ? ಬೀಳುವುದು ನಮ್ಮ ಮೇಲಲ್ಲ, ಹಿಂದೆ ಬರುವವರ ಮೇಲೆ. ಆ ಹಿಂದಿನ ಸ್ಕೂಟರಿನಲ್ಲಿ ಗಂಡ, ಹೆಂಡತಿ, ನಡುವೆ ಮಗು ಇರಬಹುದು. ನಮ್ಮ ಮನೆಯ ಸೈಕಲ್ ಇನ್ನೊಬ್ಬರ ಮನೆ ಕೆಡಿಸಬಾರದು.

ಹಾಗಾಗಿ ನಾವು ಅಡುಗೆಮನೆಯಲ್ಲಿ ಪಾಲಿಸುವ ನಿಯಮವೇ ಇಲ್ಲಿಯೂ ಸರಿ. ಗ್ರೈಂಡರ್ ಕೆಳಗೆ, ಹಪ್ಪಳದ ಡಬ್ಬ ಅಟ್ಟದ ಮೇಲೆ. ಅಕ್ಕಿ, ಕಾಯಿ, ನೀರಿನ ಕ್ಯಾನ್ ಡಿಕ್ಕಿಯ ತಳಕ್ಕೆ. ಬಟ್ಟೆ, ಹಾಸಿಗೆ, ಜಮಖಾನದಂಥ ಹಗುರ ಗಂಟುಗಳು ಮೇಲಕ್ಕೆ.

ಯಾವುದು ಸರಿ?

ಹಿಂದೆ ಅಂಬಾಸಡರ್ ಕಾಲದಲ್ಲಿ ಮಾಡಿನ ಅಂಚಿಗೆ ಮಳೆನೀರು ಹರಿಯುವ ಗಟ್ಟಿ ತಗಡಿನ ದೋಣಿ ಇರುತ್ತಿತ್ತು. ಕ್ಯಾರಿಯರ್‌ನ ಕಾಲುಗಳನ್ನು ಅದಕ್ಕೇ ಬಿಗಿಯುತ್ತಿದ್ದರು. ಈಗಿನ ಕಾರುಗಳಲ್ಲಿ ಅದಿಲ್ಲ. ಈಗ ಇರುವುದು ಮುಖ್ಯವಾಗಿ ಎರಡು ದಾರಿ. ಮಾಡಿನ ಎರಡೂ ಬದಿ ಉದ್ದಕ್ಕೆ ಹಳಿಗಳಂತಿರುವ ಪಟ್ಟಿಗೆ ಅಡ್ಡಪಟ್ಟಿ ಬಿಗಿಯುವುದು ಒಂದು. ಹಳಿ ಇಲ್ಲದ ಕಾರಿಗೆ ಬಾಗಿಲಿನ ಚೌಕಟ್ಟಿನ ಅಂಚು ಕಚ್ಚಿಕೊಳ್ಳುವ ಕಾಲುಗಳನ್ನು ಹಾಕುವುದು ಇನ್ನೊಂದು. ಎರಡನೆಯದಕ್ಕೆ ನಿಮ್ಮ ಕಾರಿನ ಮಾದರಿಗೆಂದೇ ಮಾಡಿದ ಜೋಡಣೆಯೇ ಬೇಕು. 'ಎಲ್ಲ ಕಾರಿಗೂ ಆಗುತ್ತೆ' ಎನ್ನುವುದನ್ನು ಮುಟ್ಟಬೇಡಿ.

ಹಳಿ ಇದೆ ಎಂದು ಹಿಗ್ಗುವ ಮುನ್ನ ಪುಸ್ತಕವನ್ನು ಮತ್ತೊಮ್ಮೆ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಬರೀ ಅಂದಕ್ಕೆ ಅಂಟಿಸಿದ ಪ್ಲಾಸ್ಟಿಕ್. ಅದಕ್ಕೆ ಸೂಟ್‌ಕೇಸ್ ಕಟ್ಟುವುದೆಂದರೆ ರೋಲ್ಡ್ ಗೋಲ್ಡ್ ಸರವನ್ನು ಅಡವಿಡಲು ಹೋದ ಹಾಗೆ.

ಸೈಕಲ್ ಮೇಲೋ, ಹಿಂದೋ?

ಸೈಕಲ್ಲನ್ನು ಮಾಡಿನ ಮೇಲೆ ನೆಟ್ಟಗೆ ನಿಲ್ಲಿಸುವ ತೊಟ್ಟಿಗಳಲ್ಲಿ ಎರಡು ಬಗೆ. ಒಂದರಲ್ಲಿ ಎರಡೂ ಚಕ್ರ ತೊಟ್ಟಿಯಲ್ಲಿ ಕೂತು, ಒಂದು ತೋಳು ಸೈಕಲ್ಲಿನ ಚೌಕಟ್ಟನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದರಲ್ಲಿ ಮುಂಚಕ್ರ ಬಿಚ್ಚಿ ಫೋರ್ಕನ್ನು ಬಿಗಿಯಬೇಕು. ಕಾರ್ಬನ್ ಚೌಕಟ್ಟಿನ ದುಬಾರಿ ಸೈಕಲ್ಲಿದ್ದರೆ ಚೌಕಟ್ಟು ಹಿಡಿಯುವ ತೋಳು ಬೇಡ, ಅದು ಬಿರುಕು ಬಿಡಬಹುದು.

ಮೇಲೆ ಇಡುವುದರಲ್ಲಿ ಲಾಭವಿದೆ. ಡಿಕ್ಕಿ ಸಲೀಸಾಗಿ ತೆರೆಯುತ್ತದೆ, ನಂಬರ್ ಪ್ಲೇಟ್ ಕಾಣುತ್ತದೆ. ಆದರೆ ಎತ್ತರ? ಸಣ್ಣ ಕಾರು ಸುಮಾರು ಒಂದೂವರೆ ಮೀಟರ್, ಅದರ ಮೇಲೆ ದೊಡ್ಡವರ ಸೈಕಲ್ ಇನ್ನೊಂದು ಮೀಟರ್. ಅಡ್ಡಪಟ್ಟಿ ಸೇರಿ ಎರಡೂವರೆ ಮೀಟರ್ ದಾಟಿತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಮಾಲ್‌ನ ಪಾರ್ಕಿಂಗ್, ರೈಲ್ವೆ ಕೆಳಸೇತುವೆ, ನಮ್ಮ ಗಲ್ಲಿಗಳಲ್ಲಿ ಜೋತುಬಿದ್ದ ಕೇಬಲ್ ತಂತಿ, ಎಲ್ಲವೂ ಆಗ ಶತ್ರುಗಳೇ. ಒಟ್ಟು ಎತ್ತರವನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸೈಕಲ್ಲನ್ನು ಮೇಲೆ ಎತ್ತುವವರು ಯಾರು? ಮಗಳನ್ನು ಶನಿವಾರ ಬೆಳಿಗ್ಗೆ ಸೈಕಲ್ ಅಭ್ಯಾಸಕ್ಕೆ ಕರೆದೊಯ್ಯುವವರು ನೀವೇ ಆಗಿದ್ದರೆ, 12 ಕೆ.ಜಿ.ಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಬಿಗಿಯಬೇಕಾದವರೂ ನೀವೇ. ಕಾರು ಎತ್ತರದ್ದಾದರೆ ಸ್ಟೂಲ್ ಬೇರೆ ಬೇಕು. ಬೆನ್ನುನೋವಿರುವವರಿಗೆ ಇದು ಖಂಡಿತ ಬೇಡ. ಅಂಗಡಿಯಲ್ಲೇ ಒಮ್ಮೆ ಎತ್ತಿ ಇಟ್ಟು ನೋಡಿ, ನಾಚಿಕೆ ಯಾಕೆ?

ಹಿಂದಿನ ಬಾಗಿಲಿಗೆ ಪಟ್ಟಿಗಳಿಂದ ಕಟ್ಟುವ ಕ್ಯಾರಿಯರ್ ಎತ್ತಲು ಸುಲಭ, ಬೆಲೆಯೂ ಕಡಿಮೆ. ಆದರೆ ಅದು ನಿಮ್ಮ ಕಾರಿನ ಬಾಗಿಲಿಗೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು. ಹಿಂದೆ ಪ್ಲಾಸ್ಟಿಕ್ ರೆಕ್ಕೆ ಇದ್ದರೆ ಮುರಿಯಬಹುದು, ಬಣ್ಣ ಗೀಚಬಹುದು. ಸೈಕಲ್ಲಿನಿಂದ ನಂಬರ್ ಪ್ಲೇಟ್, ದೀಪಗಳು ಮರೆಯಾದರೆ ಟ್ರಾಫಿಕ್ ಪೊಲೀಸರು ನಿಲ್ಲಿಸುವುದೂ ಖಾತ್ರಿ. ನನ್ನ ಅಭಿಪ್ರಾಯ ಕೇಳಿದರೆ, ಊರೊಳಗಿನ ಓಡಾಟಕ್ಕೆ, ಒಂದೇ ಸೈಕಲ್ಲಿಗೆ, ಇವೆರಡೂ ಕಾಣುವಂತೆ ಕಟ್ಟಲು ಬರುವುದಾದರೆ ಹಿಂದಿನದೇ ಮೇಲು. ಎರಡು ಸೈಕಲ್, ದೂರದ ಹೆದ್ದಾರಿ ಅಂದರೆ ಮೇಲಿನದು ಸರಿ.

ಕಯಾಕ್ ಹುಚ್ಚು

ಈಚೆಗೆ ಕಯಾಕ್ ಎಂಬ ಉದ್ದನೆಯ ಪುಟ್ಟ ದೋಣಿಯ ಹುಚ್ಚೂ ಹತ್ತಿದೆ. ಸಾಧಾರಣ ಕಯಾಕ್ 10-12 ಅಡಿ ಉದ್ದ, 20ರಿಂದ 30 ಕೆ.ಜಿ. ತೂಕ. ಉಡುಪಿ ಬಳಿಯ ಸಾಲಿಗ್ರಾಮದ ಹಿನ್ನೀರಿನಲ್ಲಿ, ಶರಾವತಿಯ ಹೊನ್ನೆಮರಡುವಿನಲ್ಲಿ ಅಲ್ಲಿಯೇ ದೋಣಿ ಸಿಗುತ್ತದೆ. ಹಾಗಿರುವಾಗ ಇಲ್ಲಿಂದ ಹೊತ್ತುಕೊಂಡು ಹೋಗುವ ಅಗತ್ಯವೇನು? ಬೇಕೇ ಬೇಕೆಂದರೆ ಗಾಳಿ ತುಂಬುವ ಕಯಾಕ್ ಉಂಟು, ಮಡಚಿದರೆ ಡಿಕ್ಕಿಯಲ್ಲಿ ಕೂರುತ್ತದೆ.

ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ತಮ್ಮ, ತಂಗಿಯರ ಕತೆ ಬೇರೆ. ಅಲ್ಲಿ ಸರೋವರಕ್ಕೆ ಸ್ವಂತ ಕಯಾಕ್ ಒಯ್ಯುವುದು ರೂಢಿ. ಅವರಿಗೆ ಹೇಳಬೇಕಾದದ್ದು ಇಷ್ಟೇ. ಅಡ್ಡಪಟ್ಟಿಯ ಮೇಲೆ ಮೆತ್ತನೆಯ ತೊಟ್ಟಿಲು ಇರಲಿ. ಎರಡು ಪಟ್ಟಿಗಳಿಂದ ಬಿಗಿಯುವುದಷ್ಟೇ ಅಲ್ಲದೆ ಮೂತಿ, ಬಾಲ ಎರಡನ್ನೂ ಕಾರಿನ ಮುಂದಕ್ಕೆ, ಹಿಂದಕ್ಕೆ ಪ್ರತ್ಯೇಕವಾಗಿ ಕಟ್ಟಿ. ತಿರುಗಿಸಿ ಬಿಗಿಯುವ ಲಾರಿ ಬೆಲ್ಟ್ ಬೇಡ, ಅದು ಪ್ಲಾಸ್ಟಿಕ್ ದೋಣಿಯನ್ನು ಸೊಟ್ಟಗಾಗಿಸುತ್ತದೆ.

ಪೆಟ್ರೋಲು, ಪೊಲೀಸು, ವಿಮೆ

ಮಾಡಿನ ಮೇಲೆ ಏನಿದ್ದರೂ ಗಾಳಿ ಅದನ್ನು ತಡೆಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಸುತ್ತದೆ. ಅಮೆರಿಕ ಸರ್ಕಾರ ಜನರಿಗೆ ಕೊಡುವ ಇಂಧನ ಮಾಹಿತಿಯ ಪ್ರಕಾರ ಮಾಡಿನ ಮೇಲಿನ ದೊಡ್ಡ ಪೆಟ್ಟಿಗೆಯಿಂದ ಮೈಲೇಜ್ ಊರೊಳಗೆ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17, ಗಂಟೆಗೆ ನೂರು ಕಿ.ಮೀ. ದಾಟಿದ ವೇಗದಲ್ಲಿ 10ರಿಂದ 25 ಶೇಕಡಾ ಇಳಿಯಬಹುದು. ಕಾರಿನ ಹಿಂದೆ ಕಟ್ಟಿದ ಪೆಟ್ಟಿಗೆಯಾದರೆ ಹೆದ್ದಾರಿಯಲ್ಲಿ 1ರಿಂದ 5 ಮಾತ್ರ. ಖಾಲಿ ಕ್ಯಾರಿಯರ್ ಕೂಡ ಸುಮ್ಮನಿರುವುದಿಲ್ಲ. ಆದ್ದರಿಂದ ಪ್ರವಾಸ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಿ. ಸುಲಭವಾಗಿ ಬಿಚ್ಚಲು ಬರುವುದನ್ನೇ ಕೊಳ್ಳಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಸಾಮಾನು ವಾಹನದ ಬದಿಗೆ ಚಾಚಿದರೆ, ಅಥವಾ ಮುಂದೆ, ಹಿಂದೆ, ಎತ್ತರದಲ್ಲಿ ಮಿತಿ ಮೀರಿದರೆ 20,000 ರೂಪಾಯಿ ದಂಡ. ಅದನ್ನು ಇಳಿಸುವ ಖರ್ಚೂ ನಮ್ಮದೇ. ಮಾಡಿಗೆ ತೂತು ಕೊರೆದು ಕಾಯಂ ಆಗಿ ಕೂರಿಸುವ ಕ್ಯಾರಿಯರ್ ಬೇಡವೇ ಬೇಡ. ಅನುಮಾನವಿದ್ದರೆ ಕೊಳ್ಳುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಿಮೆಯ ಕಂಪನಿಗೂ ತಿಳಿಸಿ. ನಾವಾಗಿ ಹಾಕಿಸಿಕೊಂಡ ವಸ್ತುವನ್ನು ಪಾಲಿಸಿಯಲ್ಲಿ ಸೇರಿಸದಿದ್ದರೆ ಅದಕ್ಕೆ ಪರಿಹಾರ ಸಿಗುವುದಿಲ್ಲ.

ಕೊಳ್ಳಲೇಬೇಕೇ?

ವರ್ಷಕ್ಕೆ ಒಂದೋ ಎರಡೋ ಸಲ ಊರಿಗೆ ಹೋಗುವವರಿಗೆ ಕ್ಯಾರಿಯರ್ ಅಗತ್ಯವಿಲ್ಲ ಎನ್ನುವುದೇ ನನ್ನ ನೇರ ಮಾತು. ಹೆಚ್ಚಾದ ಗಂಟನ್ನು ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲೋ ಬೇರೆ ಪಾರ್ಸೆಲ್‌ನಲ್ಲೋ ಮುಂಚೆಯೇ ಕಳಿಸಬಹುದು. ಮಗನಿಗೆ ಊರಲ್ಲೇ ಒಂದು ಹಳೇ ಸೈಕಲ್ ರಿಪೇರಿ ಮಾಡಿಸಿಟ್ಟರೆ ಕ್ಯಾರಿಯರ್‌ಗಿಂತ ಅಗ್ಗ. ವಾರವಾರವೂ ಮಕ್ಕಳನ್ನು ಸೈಕಲ್ಲಿನೊಂದಿಗೆ ನಂದಿಬೆಟ್ಟದ ಕಡೆ ಕರೆದೊಯ್ಯುವವರು ಮಾತ್ರ ದುಡ್ಡು ಹೋದರೂ ಒಳ್ಳೆಯದನ್ನೇ ಕೊಳ್ಳಿ. ಅಗ್ಗದ್ದು ಕೊಂಡು ಪ್ರತಿ ತಿರುವಿನಲ್ಲೂ ಮೇಲೆ ನೋಡುತ್ತಾ ಕೂರುವುದು ಯಾವ ಸುಖ?

ಹೊರಡುವ ಮುನ್ನ ನೆನಪಿಡಿ

* ಸೂಟ್‌ಕೇಸ್ ಹಿಡಿದು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಉಳಿದದ್ದೇ ಸೂಟ್‌ಕೇಸಿನ ತೂಕ.
* ಸೈಕಲ್ಲಿನ ನೀರಿನ ಬಾಟಲಿ, ಪಂಪು, ಮಗುವಿನ ಸೀಟು ಬಿಚ್ಚಿಡಿ.
* ಹಿಗ್ಗುವ ರಬ್ಬರ್ ಹಗ್ಗವನ್ನೇ ನಂಬಬೇಡಿ. ಬಕಲ್ ಇರುವ ಅಗಲ ಪಟ್ಟಿ ಬಳಸಿ, ತುದಿ ಹಾರಾಡದಂತೆ ಸಿಕ್ಕಿಸಿ.
* ಟಾರ್ಪಾಲನ್ನು ಬಿಗಿಯಾಗಿ ಸುತ್ತಿ. ಗಾಳಿ ತುಂಬಿದರೆ ಅದೇ ಹಗ್ಗ ಹರಿಯುತ್ತದೆ.
* ಹೊರಟು ಸ್ವಲ್ಪ ದೂರ ಹೋದ ಮೇಲೆ ಒಮ್ಮೆ, ಆಮೇಲೆ ಕಾಫಿಗೆ ನಿಂತಾಗಲೆಲ್ಲ ಒಮ್ಮೆ ಅಲುಗಾಡಿಸಿ ನೋಡಿ.
* ಟೈರಿನ ಗಾಳಿಯನ್ನು ತುಂಬು ಭಾರಕ್ಕೆ ಹೇಳಿದ ಮಟ್ಟಕ್ಕೆ ಹಾಕಿಸಿ. ವೇಗ ಎಂದಿಗಿಂತ ಕಡಿಮೆ ಇರಲಿ.

ಈ ಸಲ ಯಜಮಾನರು ಕ್ಯಾರಿಯರ್ ತರಲು ಹೊರಟರೆ ಒಬ್ಬರನ್ನೇ ಕಳಿಸಬೇಡಿ. ಕಾರಿನ ಪುಸ್ತಕ, ಒಂದು ಟೇಪು, ನಿಮ್ಮ ತೂಕದ ಚೀಟಿ ಹಿಡಿದು ನೀವೂ ಹೊರಡಿ. 'ಏನೂ ಆಗಲ್ಲ ಮೇಡಂ' ಎಂದು ಅಂಗಡಿಯವನು ಹೇಳಿದಾಗ ಪುಸ್ತಕದ ಆ ಪುಟವನ್ನು ತೆರೆದು ಅವನ ಮುಂದಿಡಿ. ಮಿತಿ ಮೀರಿದ ಹಲಸಿನಹಣ್ಣನ್ನು ಅತ್ತೆಯವರಿಗೆ ಬೇಜಾರಾಗದಂತೆ ಅಲ್ಲೇ ಹೆಚ್ಚಿ ತೊಳೆ ಬಿಡಿಸಿ ತನ್ನಿ. ಭಾರವೂ ಕಡಿಮೆ, ಮನೆಗೆ ಬಂದು ಕೈಗೆ ಮೇಣ ಅಂಟಿಸಿಕೊಳ್ಳುವ ಕೆಲಸವೂ ತಪ್ಪುತ್ತದೆ!