ಬದಲಿಸುವುದೆಲ್ಲವೂ ದುರಸ್ತಿಯಲ್ಲ

ಯಂತ್ರವೊಂದು ಕೆಟ್ಟಾಗ ಮನಸ್ಸಿಗೆ ಮೊದಲು ತೋರುವ ಉಪಾಯವೆಂದರೆ, ಕೆಟ್ಟ ಭಾಗವನ್ನು ತೆಗೆದು ಬೇರೊಂದನ್ನು ಕೂಡಿಸುವುದು. ಈ ಉಪಾಯವು ಅನೇಕ ವೇಳೆ ಫಲಿಸುವುದೂ ಉಂಟು. ಫಲಿಸದೆ ಹೋದಾಗ ಮಾತ್ರ, ತಪ್ಪಿದ್ದುದು ಯಂತ್ರದಲ್ಲಿ ಮಾತ್ರವಲ್ಲ, ನಮ್ಮ ವಿಚಾರಸರಣಿಯಲ್ಲಿಯೂ ಎಂಬುದು ಹೊರಬೀಳುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಪಾಠವು ದೊರೆತದ್ದು ತರಗತಿಯಲ್ಲಲ್ಲ. ಧಾರವಾಡದ ಕೆಲಗೇರಿಯ ನಮ್ಮ ಮನೆಯ ಅಂಗಳದಲ್ಲಿ, ಕಾರಿನ ಕೆಳಗೆ ಅಂಗಾತ ಮಲಗಿದ್ದಾಗ.

ನಮ್ಮ ತಂದೆಯವರ ಎಡಗಾಲಿಗೆ ಕ್ಲಚ್ಚನ್ನು ಒತ್ತುವ ಶಕ್ತಿಯಿಲ್ಲ. ಆದುದರಿಂದ ಸ್ವಯಂಚಾಲಿತ ಗೇರ್‌ಬಾಕ್ಸುಳ್ಳ ಹಳೆಯ ಕಾರೊಂದನ್ನು ಕೊಂಡಿದ್ದೆವು. ಒಂದು ಬೇಸಗೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡವನ್ನು ಏರುವಾಗ, ಎಂಜಿನ್ನು ಅಬ್ಬರಿಸಿತೇ ಹೊರತು ಕಾರು ಮುಂದೆ ಸಾಗಲಿಲ್ಲ. ಹೊಸ ಗೇರ್‌ಬಾಕ್ಸಿನ ಬೆಲೆಯು ಕಾರಿನ ಬೆಲೆಯನ್ನೇ ಮೀರುವಂತಿತ್ತು. ಕಾಲೇಜಿಗೆ ರಜೆಯಿತ್ತು, ಕೈಯಲ್ಲಿ ಪಾನೆಗಳಿದ್ದವು, ತಮ್ಮನ ನೆರವೂ ಇತ್ತು. ಗುಜರಿ ಅಂಗಡಿಯೊಂದರಿಂದ ಅದೇ ಮಾದರಿಯ ಬಳಸಿದ ಗೇರ್‌ಬಾಕ್ಸನ್ನು ತರಿಸಿ, ಮೂರು ದಿನ ದುಡಿದು, ಅದನ್ನು ಕೂಡಿಸಿದೆವು. ಕಾರು ನಡೆಯಿತು. ನಾವು ಬೀಗಿದೆವು. ಹತ್ತೊಂಬತ್ತನೆಯ ದಿನ ಅದೇ ಏರಿನಲ್ಲಿ ಅದೇ ಅಬ್ಬರ ಕೇಳಿಸಿತು!

ಏಕೆ ಹೀಗಾಯಿತೆಂಬುದನ್ನು ತಿಳಿಯಬೇಕಾದರೆ ಈ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು, ಒಂದನ್ನು ಮಾತ್ರ ವಿದ್ಯುತ್ತಿನಿಂದ ತಿರುಗಿಸಿರಿ. ಅದರ ಗಾಳಿಯ ಹೊಡೆತಕ್ಕೆ ಎರಡನೆಯದೂ ತಿರುಗತೊಡಗುವುದು. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡನ್ನೂ ಒಂದೇ ಕವಚದಲ್ಲಿ ಮುಚ್ಚಿ, ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದುವ ಮೂರನೆಯ ಚಕ್ರವೊಂದನ್ನು ನಡುವೆ ಇಟ್ಟರೆ, ಅದೇ ಟಾರ್ಕ್ ಕನ್ವರ್ಟರ್. ನಿಂತ ಕಾರು ಹೊರಡುವಾಗ ಇದು ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಮಾಡಿಕೊಡಬಲ್ಲದು. ಈ ತತ್ತ್ವಕ್ಕೆ ೧೯೦೫ರಲ್ಲಿ ಹಕ್ಕುಪತ್ರವನ್ನು ಪಡೆದ ಜರ್ಮನಿಯ ಹೆರ್ಮನ್ ಫೋಟಿಂಗರ್ ಎಂಬ ಎಂಜಿನಿಯರರು ಯೋಚಿಸಿದ್ದು ಕಾರುಗಳಿಗಾಗಿ ಅಲ್ಲ, ಹಡಗುಗಳಿಗಾಗಿ. ಹಬೆಯ ಟರ್ಬೈನಿನ ಅತಿವೇಗವನ್ನು ಪ್ರೊಪೆಲ್ಲರಿಗೆ ಬೇಕಾದ ನಿಧಾನಗತಿಗೆ ಇಳಿಸುವುದು ಅವರ ಮುಂದಿದ್ದ ಸಮಸ್ಯೆ. (೨೦೧೪ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಡನೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎ.ಎಂ.ಟಿ. ಬೇರೆ ಜಾತಿಯದು. ಅಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ಚನ್ನು ಒತ್ತುವ, ಗೇರನ್ನು ಬದಲಿಸುವ ಕೆಲಸವನ್ನು ಮಾತ್ರ ಯಂತ್ರವು ಮಾಡುವುದು.)

ಆದರೆ ಎಣ್ಣೆಯ ಮೂಲಕ ಶಕ್ತಿಯನ್ನು ಸಾಗಿಸುವಾಗ ಒಂದಿಷ್ಟು ಜಾರಿಕೆ ಅನಿವಾರ್ಯ. ಎಂಜಿನ್ನು ೪೦ ಕಿಲೋವ್ಯಾಟ್ ಕೊಡುತ್ತಿರುವಾಗ ಅದರ ಹತ್ತನೆಯ ಒಂದು ಪಾಲು ಹೀಗೆ ಕಳೆಯಿತೆಂದು ಇಟ್ಟುಕೊಳ್ಳಿರಿ. ಆ ೪ ಕಿಲೋವ್ಯಾಟ್ ಎಲ್ಲಿಗೂ ಮಾಯವಾಗುವುದಿಲ್ಲ. ಒಂದೊಂದು ಕಿಲೋವ್ಯಾಟಿನ ನಾಲ್ಕು ಇಸ್ತ್ರಿಪೆಟ್ಟಿಗೆಗಳು ಕಾಯುವಷ್ಟು ಶಾಖವಾಗಿ ಎಣ್ಣೆಯನ್ನು ಸೇರುತ್ತದೆ. ಆದುದರಿಂದ ಎಣ್ಣೆಯನ್ನು ತಣಿಸಲೇಬೇಕು. ಅನೇಕ ಕಾರುಗಳಲ್ಲಿ ಇದಕ್ಕಾಗಿ ಎಣ್ಣೆಯ ಕೊಳವೆಯನ್ನು ರೇಡಿಯೇಟರಿನ ನೀರಿನೊಳಗಿಂದ ಹಾಯಿಸಿರುತ್ತಾರೆ. ಎಣ್ಣೆಗೂ ನೀರಿಗೂ ನಡುವೆ ಇರುವುದು ತೆಳುವಾದ ಲೋಹದ ಗೋಡೆ ಮಾತ್ರ.

ನಮ್ಮ ಕಾರಿನಲ್ಲಿ ಬಿರುಕುಬಿಟ್ಟಿದ್ದುದು ಈ ಗೋಡೆಯೇ. ರೇಡಿಯೇಟರಿನ ನೀರೂ ಕೂಲೆಂಟೂ ಗೇರ್‌ಬಾಕ್ಸಿನೊಳಗೆ ಸೇರಿ, ಕ್ಲಚ್ ಪ್ಲೇಟುಗಳ ಮೇಲಿನ ಘರ್ಷಣೆಯ ಪದರಗಳನ್ನು ಉಬ್ಬಿಸಿ, ಅವುಗಳ ಅಂಟನ್ನು ಸಡಿಲಿಸಿದ್ದವು. ಮೊದಲ ಗೇರ್‌ಬಾಕ್ಸು ಸತ್ತದ್ದು ಹೀಗೆ. ಎರಡನೆಯದನ್ನು ನಾವು ಅದೇ ರೇಡಿಯೇಟರಿಗೆ ಜೋಡಿಸಿದ್ದೆವು. ಅದೂ ಹಾಗೆಯೇ ಸತ್ತಿತು.

ಹೇಳಲು ನಾಚಿಕೆಯಾಗುವ ಸಂಗತಿ ಬೇರೊಂದಿದೆ. ಮೊದಲ ಗೇರ್‌ಬಾಕ್ಸಿನ ಎಣ್ಣೆಯನ್ನು ಬಸಿದಾಗ, ಕೆಂಪಗೆ ತಿಳಿಯಾಗಿರಬೇಕಾದ ಅದು ಗುಲಾಬಿ ಬಣ್ಣದ ಮಜ್ಜಿಗೆಯಂತೆ ಬುಟ್ಟಿಗೆ ಬಿದ್ದಿತ್ತು. ನಾವು ಅದನ್ನು ಕಂಡಿದ್ದೆವು, ಏಕೆಂದು ಕೇಳಿರಲಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬನು ಕಂಡದ್ದನ್ನು ಬರೆದುಕೊಳ್ಳದಿದ್ದರೆ ಅಂಕವನ್ನು ಕಡಿಯುವವರು ನಾವು! ನೆರೆಯ ಹಿರಿಯ ಮಿಸ್ತ್ರಿಯೊಬ್ಬರು ಆ ಬುಟ್ಟಿಯನ್ನು ನೋಡಿದೊಡನೆ ಅಂದರು: “ಸರ್, ಗೇರ್‌ಬಾಕ್ಸ್ ಬದಲಿ ಮಾಡೀರಿ, ಖರೆ. ಆದ್ರ ಹಳೇದು ಯಾಕ ಕೆಟ್ಟಿತ್ತು ಅಂತ ಕೇಳಿದ್ರೇನ್ರಿ?” ಅವರ ಈ ಒಂದು ಪ್ರಶ್ನೆಯಲ್ಲಿ ವಿಜ್ಞಾನದ ಪದ್ಧತಿಯೆಲ್ಲವೂ ಅಡಗಿದೆ. ಕಾರ್ಯವನ್ನು ಅಳಿಸಿದ ಮಾತ್ರಕ್ಕೆ ಕಾರಣವು ಅಳಿಯುವುದಿಲ್ಲ.

ಬಳಸಿದ ವಸ್ತುವನ್ನು ಕೊಳ್ಳುವಾಗ ಇನ್ನೊಂದು ಎಚ್ಚರಿಕೆ ಬೇಕು. ಅದಕ್ಕೊಂದು ಚರಿತ್ರೆಯಿರುತ್ತದೆ, ಆದರೆ ಅದು ಮೇಲೆ ಬರೆದಿರುವುದಿಲ್ಲ. ದೆಹಲಿಯ ಮಾಯಾಪುರಿಯು ಹಳೆಯ ವಾಹನಗಳ ಬಿಡಿಭಾಗಗಳಿಗೆ ಪ್ರಸಿದ್ಧವಾದ ಪೇಟೆ. ೨೦೧೦ರಲ್ಲಿ ವಿಶ್ವವಿದ್ಯಾಲಯವೊಂದರ ಹಳೆಯ ವಿಕಿರಣ ಯಂತ್ರವು ಗುಜರಿಯಾಗಿ ಅಲ್ಲಿಗೆ ಬಂದಿತು. ಅದರೊಳಗೆ ಕೋಬಾಲ್ಟ್-೬೦ ಇದೆಯೆಂದು ಅರಿಯದೆ ಅದನ್ನು ಬಿಚ್ಚಿದರು. ವಿಕಿರಣಕ್ಕೆ ಸಿಲುಕಿದವರಲ್ಲಿ ಒಬ್ಬರು ಪ್ರಾಣವನ್ನೇ ಕಳೆದುಕೊಂಡರು. ಗೇರ್‌ಬಾಕ್ಸಿನಲ್ಲಿ ಅಂಥ ಭಯವಿಲ್ಲ. ಆದರೆ ವಸ್ತುವಿನ ಚರಿತ್ರೆಯನ್ನು ಅದರ ಗುರುತುಗಳಿಂದಲೇ ಓದಬೇಕೆಂಬ ನೀತಿ ಇಲ್ಲಿಗೂ ಸಲ್ಲುತ್ತದೆ. ಎಣ್ಣೆಗೆ ಸುಟ್ಟ ವಾಸನೆಯಿದೆಯೇ? ತಳದ ತಟ್ಟೆಯ ಅಯಸ್ಕಾಂತಕ್ಕೆ ಹತ್ತಿರುವುದು ನುಣ್ಣನೆಯ ಬೂದುಬಣ್ಣದ ಮೆತ್ತೆಯೋ, ಲೋಹದ ಚೂರುಗಳೋ? ಮೆತ್ತೆ ಸವೆತದ ಸಹಜ ಗುರುತು. ಚೂರುಗಳು ಮುರಿತದ ಗುರುತು. ಮಾದರಿಯ ಸಂಖ್ಯೆ ಹೊಂದುತ್ತದೆಯೇ? ಇಷ್ಟನ್ನು ನೋಡಿದ ಮೇಲೆಯೇ ಹಣವನ್ನು ಎಣಿಸಬೇಕು.

ಇನ್ನು ಜೀವದ ಮಾತು. ಕನ್ವರ್ಟರಿನೊಡನೆ ನಮ್ಮ ಗೇರ್‌ಬಾಕ್ಸು ಸುಮಾರು ೭೦ ಕಿಲೋಗ್ರಾಂ ತೂಗುತ್ತಿತ್ತು. ಅದು ೪೦ ಸೆಂಟಿಮೀಟರ್ ಎತ್ತರದಿಂದ ಎದೆಯ ಮೇಲೆ ಬಿದ್ದರೆ ಬಂದೆರಗುವ ಶಕ್ತಿ ೭೦ × ೯.೮ × ೦.೪, ಎಂದರೆ ಸುಮಾರು ೨೭೪ ಜೂಲ್. ಗಂಟೆಗೆ ೧೪೪ ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನ ಶಕ್ತಿಗೆ ಇದು ಎರಡು ಪಟ್ಟಿಗಿಂತಲೂ ಹೆಚ್ಚು. ಕಾರಿನ ಭಾರವಂತೂ ಹೇಳತೀರದು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿಯಾದ ಸಮನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡದೆ, ಗೇರ್‌ಬಾಕ್ಸಿಗೆ ಬೇರೆಯೇ ಆಧಾರವಿಲ್ಲದೆ, ಅನುಭವಿಗಳೊಬ್ಬರು ಪಕ್ಕದಲ್ಲಿ ಇಲ್ಲದೆ, ಯಾವ ವಿದ್ಯಾರ್ಥಿಯೂ ಕಾರಿನ ಕೆಳಗೆ ತಲೆಯನ್ನು ಹಾಕಬಾರದು.

ಕೂಡಿಸುವಾಗಲೂ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಕನ್ವರ್ಟರನ್ನು ಮೆಲ್ಲನೆ ತಿರುಗಿಸುತ್ತ ಒತ್ತಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿದು, ಕೊನೆಗೆ ಎಣ್ಣೆಯ ಪಂಪಿನ ಕಚ್ಚುಗಳಲ್ಲಿ ಕೂಡುತ್ತದೆ. ಹಾಗೆ ಕೂಡಿದ ಮೇಲೆ ಗೇರ್‌ಬಾಕ್ಸಿನ ಮುಖವು ಎಂಜಿನ್ನಿಗೆ ಕೈಯೊತ್ತಿನಿಂದಲೇ ಹತ್ತಿಕೊಳ್ಳಬೇಕು. ಹತ್ತದಿದ್ದರೆ ಬೋಲ್ಟುಗಳನ್ನು ಬಿಗಿದು ಎಳೆಯುವವನು ತನ್ನ ಕೈಯಾರೆ ಪಂಪನ್ನು ಮುರಿಯುತ್ತಾನೆ.

ಬಸಿದ ಎಣ್ಣೆಯ ಗತಿಯೇನು? ನಮ್ಮ ಊರಿನ ಕೆರೆ ಹತ್ತಿರದಲ್ಲಿಯೇ ಇದೆ. ಚರಂಡಿಗೆ ಸುರಿದದ್ದು ಮಳೆ ಬಂದಾಗ ಎಲ್ಲಿಗೆ ಹರಿಯುವುದೆಂದು ಹೇಳಬೇಕಾಗಿಲ್ಲ. ಒಂದು ಮೈಕ್ರೋಮೀಟರ್ ದಪ್ಪದ ಪೊರೆಯಾಗಿ ಹರಡಿದರೆ ೫ ಲೀಟರ್ ಎಣ್ಣೆಯು ೫,೦೦೦ ಚದರ ಮೀಟರನ್ನು, ಎಂದರೆ ಒಂದು ಎಕರೆಗೂ ಹೆಚ್ಚು ನೀರನ್ನು, ಮುಚ್ಚಬಲ್ಲದು. ಬಳಸಿದ ಎಣ್ಣೆಯನ್ನು ೨೦೧೬ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿವೆ. ಅದನ್ನು ಡಬ್ಬಿಯಲ್ಲಿ ತುಂಬಿ, ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವವರೆಗೆ ಕೆಲಸ ಮುಗಿದಂತಲ್ಲ.

ಇಷ್ಟೆಲ್ಲ ತೊಡಕಿರುವಾಗ ಮನೆಯಲ್ಲಿ ಇಂಥ ಸಾಹಸವೇಕೆ, ಬಲ್ಲವರಿಗೇ ಬಿಡಬಾರದೇ ಎಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗ್ಯಾರೇಜಿಗೆ ಒಪ್ಪಿಸುವುದರಲ್ಲಿ ಅವಮಾನವೇನೂ ಇಲ್ಲ. ನಮಗೆ ಕೊನೆಗೆ ದಾರಿ ತೋರಿದವರೂ ಮಿಸ್ತ್ರಿಯವರೇ. ಆದರೆ ಯಂತ್ರವನ್ನು ದಿನವೂ ಬಳಸುತ್ತ ಅದರ ಒಳಗನ್ನು ಎಂದೂ ಕಾಣದ ಜನಾಂಗವು ಕೇಳಿದ ಬೆಲೆಯನ್ನು ತೆರುವುದಕ್ಕೂ ಹೇಳಿದ ಮಾತನ್ನು ನಂಬುವುದಕ್ಕೂ ಒಗ್ಗಿಹೋಗುತ್ತದೆ. ಸವೆದ ಗೇರ್‌ಬಾಕ್ಸೊಂದನ್ನು ಬಿಚ್ಚಿ ಪ್ರತಿಯೊಂದು ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ ಇಡಬೇಕೆಂಬುದು ನಮ್ಮ ಅಭಿಪ್ರಾಯ. ಘರ್ಷಣೆ, ತಿರುಚುಬಲ, ದ್ರವದ ಒತ್ತಡ, ಶಾಖ ಇವೆಲ್ಲವೂ ಅಲ್ಲಿ ಒಂದೇ ಕಡೆ ಕೈಗೆ ಸಿಗುತ್ತವೆ. ನಮ್ಮ ಎರಡನೆಯ ಗೇರ್‌ಬಾಕ್ಸು ಈಗ ನಮ್ಮ ವಿದ್ಯಾರ್ಥಿಗಳ ಮುಂದೆ ಈ ಕೆಲಸವನ್ನೇ ಮಾಡುತ್ತಿದೆ.

ರೇಡಿಯೇಟರನ್ನು ಬದಲಿಸಿ, ಎಣ್ಣೆಯ ಕೊಳವೆಗಳನ್ನು ತೊಳೆದು, ಮೂರನೆಯ ಗೇರ್‌ಬಾಕ್ಸನ್ನು ಕೂಡಿಸಿ ಒಂದು ವರ್ಷವಾಯಿತು. ತಂದೆಯವರು ತಾವೇ ಕಾರನ್ನು ನಡೆಸಿಕೊಂಡು ಗುಡ್ಡವನ್ನು ಏರುತ್ತಾರೆ. ನಾವು ಮಾತ್ರ ತಿಂಗಳಿಗೊಮ್ಮೆ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು, ಅದರ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತೇವೆ.